ಗಳಿಗೆ ಬಟ್ಟಲಿನ ತೂತು

ಬೆಟ್ಟದ ಬುಡದಲ್ಲಿ ಕಣಿವೆಕೋಟೆ ಅಂತ ಒಂದೂರು. ಆ ಊರಿಗೆ ಒಂದೇ ಬಾಗಿಲು. ಆ ಬಾಗಿಲಿಗೆ ಒಬ್ಬಳೇ ಮಾಕವ್ವ. ಆ ಮಾಕವ್ವನಿಗೆ ಒಬ್ಬನೇ ಮಗ, ಹೆಸರು ಕೆಂಚ. ಕೆಂಚನಿಗೆ ಬುದ್ಧಿ ಎಷ್ಟಿತ್ತು ಅಂತ ಕೇಳ್ತೀರಾ? ಕೇಳಬೇಡಿ, ನನಗೆ ಹೊಟ್ಟೆ ಉರಿಯುತ್ತೆ. ಮೈಯಲ್ಲಿ ಮಾತ್ರ ಎತ್ತಿನ ಕಸುವು. ಕೋಟೆ ಬಾಗಿಲಿನ ಅಗುಳಿ ಎತ್ತೋಕೆ ಊರಲ್ಲಿ ಅವನೊಬ್ಬನ ಕೈಲೇ ಆಗ್ತಿತ್ತು. ಅದಕ್ಕೇ ತಾಯಿ ಮಗ ಇಬ್ಬರನ್ನೂ ಬಾಗಿಲಲ್ಲಿ ಇಟ್ಟಿದ್ದರು.

ಮಾಕವ್ವನ ಕೆಲಸ ಹೊತ್ತು ಕಾಯೋದು. ನೀರು ತುಂಬಿದ ಹಂಡೆ, ಅದರ ಮೇಲೆ ತೇಲೋ ತಾಮ್ರದ ಗಳಿಗೆ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ತೂತಿನಿಂದ ನೀರು ಏರಿ ಏರಿ ಬಟ್ಟಲು ಮುಳುಗಿತೋ, ಒಂದು ಗಳಿಗೆ ಆಯ್ತು. ಮಾಕವ್ವ ಜಾಗಟೆ ಬಾರಿಸಬೇಕು, ಬಟ್ಟಲನ್ನ ಎತ್ತಿ ಮತ್ತೆ ತೇಲಿಬಿಡಬೇಕು. ಸಂಜೆ ಜಾಗಟೆ ಬಿದ್ದ ಕೂಡಲೇ ಬಾಗಿಲು ಹಾಕಬೇಕು. ಸೂರ್ಯನ್ನ ನೋಡಿ ಹಾಕಬಾರದಾ ಅಂತೀರಾ? ಆಷಾಢ ಕಣ್ರೀ! ಹನಿ ಮಳೆಯಿಲ್ಲ, ಬರೀ ಗಾಳಿ, ಬರೀ ಮೋಡ. ಸೂರ್ಯನ ಮುಖ ನೋಡಿ ಎಷ್ಟೋ ದಿನ ಆಗಿತ್ತು.

ಸಾಲದ್ದಕ್ಕೆ ಆ ವರ್ಷ ಕಣಿವೆಗೆ ಹುಲಿ ಇಳಿದಿತ್ತು. ಮಡಿವಾಳರ ಹೆಂಗಸೊಬ್ಬಳು ಹಳ್ಳಕ್ಕೆ ಹೋದವಳು ತಿರುಗಿ ಬರಲಿಲ್ಲ. ಬಟ್ಟೆ ಗಂಟು ಮಾತ್ರ ಸಿಕ್ಕಿತು. ಆವತ್ತಿನಿಂದ ಸಂಜೆ ಆಯ್ತು ಅಂದರೆ ಸಾಕು, ಮಾಕವ್ವ ಹಳ್ಳದ ದಾರಿ ಕಡೆಗೇ ಇಣುಕಿ ಇಣುಕಿ ನೋಡ್ತಿದ್ದಳು.

ಒಂದಿನ ಮಾಕವ್ವ ಅಂದಳು: "ಕೆಂಚಾ, ಬಟ್ಟಲು ಕಿಲುಬು ಹಿಡಿದಿದೆ. ಹುಣಿಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕು. ಒಂದು ಚೂರೂ ಕಿಲುಬು ಉಳೀಬಾರದು!"

ತಿಕ್ಕಿದ. ಒಳಗೆ ತಿಕ್ಕಿದ, ಹೊರಗೆ ತಿಕ್ಕಿದ. ತೂತಿನೊಳಗೂ ಕಿಲುಬು ಕಾಣಿಸಿತು. ಬೆರಳು ಹೋಗಲಿಲ್ಲ. ಒಂದು ಮೊಳೆ ತಂದ, ತೂತಿಗೆ ತೂರಿಸಿದ, ಗರಗರ ತಿರುಗಿಸಿದ!

"ಅವ್ವಾ, ಒಂದು ಚೂರೂ ಇಲ್ಲ ನೋಡು!"

ಮಾಕವ್ವ ನೋಡಿದಳು. ತೂತಿನಲ್ಲಿ ಆಕಾಶ ಕಾಣ್ತಿತ್ತು. "ಅಯ್ಯೋ ಹಾಳಾದವನೇ! ಇನ್ನು ಬಟ್ಟಲು ಬೇಗ ಬೇಗ ಮುಳುಗುತ್ತೆ, ಬಾಗಿಲು ಬೇಗ ಹಾಕ್ತೀವಿ, ಹೊಲಕ್ಕೆ ಹೋದವರು ಹೊರಗೇ ಉಳೀತಾರೆ ಕಣೋ!" ಅಂತ ಬಾಯಿ ಬಡಕೊಂಡಳು. ಆಮೇಲೆ ಕಣ್ಣೊರೆಸಿಕೊಂಡಳು. ಬೆಟ್ಟದ ಮೇಲಿನ ಹಿರೇಕೋಟೆಯಲ್ಲಿ ಗುರುಸಿದ್ದಜ್ಜ ಅಂತ ಒಬ್ಬ ಮುದುಕ, ಅವನದೂ ಇದೇ ಕೆಲಸ. ಅವನ ಬಟ್ಟಲು ತಪ್ಪಿದ್ದೇ ಇಲ್ಲ. ಆದರೆ ಅವನ ಜಾಗಟೆ ಕೆಳಗೆ ಕೇಳ್ತಿರಲಿಲ್ಲ. ಮಾಕವ್ವ ಬಟ್ಟಲು ಬಿಟ್ಟು ಏಳೋ ಹಾಗಿಲ್ಲ. ಹೋಗಬೇಕಾದವನು ಯಾರು? ಹೂಂ, ಅವನೇ.

"ಹೋಗು. ಗುರುಸಿದ್ದಜ್ಜನ್ನ ಸಂಜೆಗೆ ಇನ್ನೆಷ್ಟು ಹೊತ್ತಿದೆ ಅಂತ ಕೇಳು. ಕೇಳೋದಷ್ಟೇ! ಏನನ್ನೂ ಮುಟ್ಟಬೇಡ!"

ಹೋದ. ಕೇಳಿದ. ಮುದುಕ ಉತ್ತರ ಹೇಳೋಕೆ ಬಾಯಿ ತೆಗೆಯೋದರೊಳಗೆ ಬೆನ್ನು ತಿರುಗಿಸಿ ಬಂದೇಬಿಟ್ಟ.

"ಕೇಳಿದೆಯಾ?"

"ಕೇಳಿದೆ ಅವ್ವಾ."

"ಏನಂದ?"

"ಅದು ನನಗೇನು ಗೊತ್ತು? ಕೇಳೋದಷ್ಟೇ ಅಂದೆ. ಅಷ್ಟೇ ಮಾಡಿದೆ!"

ಮಾಕವ್ವ ಹಣೆ ಹಣೆ ಚಚ್ಚಿಕೊಂಡಳು. "ಉತ್ತರಾನೂ ತರಬೇಕು ಕಣೋ! ಅವನು ಹೇಳಿದ್ದನ್ನ ಹೇಳಿದ ಹಾಗೇ ತಗೊಂಡು ಬಾ. ಒಂದು ಹನಿ ಆಚೀಚೆ ಚೆಲ್ಲಬಾರದು!"

ಮಾರನೇ ದಿನ ಹೋದ. ಮುದುಕ ಅಂದ: "ಸಂಜೆಗೆ ಇನ್ನು ಹತ್ತು ಗಳಿಗೆ." ಚೆಲ್ಲಬಾರದಲ್ಲ! ಕೆಂಚ ತುಂಬಿದ ಕೊಡ ಹೊತ್ತವನ ಹಾಗೆ ಕತ್ತು ನೆಟ್ಟಗೆ ಮಾಡಿದ, ಒಂದು ಹೆಜ್ಜೆ ಇಟ್ಟ, ನಿಂತ. ಇನ್ನೊಂದು ಹೆಜ್ಜೆ ಇಟ್ಟ, ನಿಂತ. ಸೀನು ಬಂತು, ಮೂಗು ಹಿಡಕೊಂಡ. ಒಂದು ಗಳಿಗೆಯ ದಾರಿಯನ್ನ ನಾಲ್ಕು ಗಳಿಗೆ ನಡೆದ. ಬಂದು ಉಸಿರು ಬಿಡದೆ ಹೇಳಿದ: "ಸಂಜೆಗೆ ಇನ್ನು ಹತ್ತು ಗಳಿಗೆ!"

ದಾರಿಗೆ ಒಂದು ಗಳಿಗೆ ಅಂತ ಮಾಕವ್ವ ಕಳೆದಳು, ಒಂಬತ್ತು ಅಂತ ಹಿಡಿದಳು, ಬಟ್ಟಲು ಬೇಗ ಮುಳುಗುತ್ತಲ್ಲ ಅಂತ ಅದಕ್ಕೆ ತಕ್ಕಷ್ಟು ಮುಳುಗು ಹೆಚ್ಚಿಗೆ ಎಣಿಸಿದಳು. ಇದ್ದದ್ದು ಆರೇ. ಜಾಗಟೆ ಬೀಳದೆ ಬಾಗಿಲು ಹಾಕೋ ಹಾಗಿಲ್ಲ, ಕತ್ತಲಾದರೂ ತೆರೆದೇ ಇತ್ತು. ಬೆಳಗಾದಾಗ ಬಾಗಿಲ ಧೂಳಿನಲ್ಲಿ ಹುಲಿ ಹೆಜ್ಜೆ! ಒಳಗೆ ಬಂದ ಹೆಜ್ಜೆ ಒಂದು ಸಾಲು, ಹೊರಗೆ ಹೋದ ಹೆಜ್ಜೆ ಒಂದು ಸಾಲು, ನಡುವೆ ಊರಿನ ನಾಯಕನ ಕರುವನ್ನ ಎಳಕೊಂಡು ಹೋದ ಗುರುತು. ಎಳೆದ ಗುರುತು ಮಾಕವ್ವ ಮಲಗೋ ಜಗಲಿ ಪಕ್ಕದಲ್ಲೇ ಹೋಗಿತ್ತು.

ನಾಯಕನೇ ಬಂದ. ದೊಡ್ಡ ಮೀಸೆ, ದೊಡ್ಡ ಗಂಟಲು. "ಮಾಕವ್ವಾ! ಇನ್ನೊಂದು ಸಲ ಹೊತ್ತು ತಪ್ಪಲಿ, ತಪ್ಪಿದವರು ಆ ರಾತ್ರಿ ಬಾಗಿಲ ಹೊರಗೆ! ಹುಲಿಗೇ ಲೆಕ್ಕ ಒಪ್ಪಿಸಲಿ!"

"ಬುದ್ಧೀ..." ಅಂದಳು ಮಾಕವ್ವ. ಕೈ ಮುಗಿದಳು.

ನಾಯಕ ಹೋದಮೇಲೆ ಮಗನ ಕಿವಿ ಹಿಂಡಿದಳು. "ಯಾಕೋ ತಡ ಮಾಡಿದೆ? ನಿನ್ನ ದೆಸೆಯಿಂದ ನಾನು ಹುಲಿ ಬಾಯಿಗೆ ಹೋಗ್ತೀನಿ ಕಣೋ! ಓಡ್ತಾ ಹೋಗು, ಓಡ್ತಾ ಬಾ! ಎಲ್ಲೂ ನಿಲ್ಲಬೇಡ!"

ಓಡಿದ. ಬೆಟ್ಟ ಹತ್ತಿ ಓಡಿದ. ಗುರುಸಿದ್ದಜ್ಜ "ಬಾರೋ ಕೆಂಚಾ" ಅಂದ. ನಿಲ್ಲಬಾರದಲ್ಲ! ಮುದುಕನ ಸುತ್ತ ಒಂದು ಸುತ್ತು ಹಾಕಿ ಬೆಟ್ಟ ಇಳಿದು ಓಡಿದ. ಬಾಗಿಲಿಗೆ ಬಂದ. ಮಾಕವ್ವ ಕೈ ಚಾಚಿದಳು. ನಿಲ್ಲಲಿಲ್ಲ! ಕೇರಿ ದಾಟಿದ, ಹಿಂಬದಿ ಗೋಡೆಗೆ ಹೋಗಿ ಡಿಕ್ಕಿ ಹೊಡೆದು ಬಿದ್ದ. ಬಿದ್ದಲ್ಲೂ ಕಾಲು ಓಡ್ತಾನೇ ಇತ್ತು.

ನಗಬೇಡಿ ನೀವು. ಆ ತಾಯಿ ನಗಲಿಲ್ಲ.

ಆವತ್ತು ದೇವರು ದೊಡ್ಡವನು, ಬೆಟ್ಟದಿಂದ ಇಳಿದ ಎಣ್ಣೆ ಗಾಣಿಗರವನೊಬ್ಬ ಮೇಲಿನ ಹೊತ್ತು ಹೇಳಿದ. ಮಾಕವ್ವನ ಬಟ್ಟಲು ಬಹಳ ಮುಂದೆ ಓಡಿತ್ತು. ಅವಳು ಪ್ರತಿ ಸಲವೂ ಬಟ್ಟಲನ್ನ ಚೂರು ತಡೆದು ತೇಲಿಬಿಟ್ಟಳು, ಮತ್ತೆ ಚೂರು ತಡೆದಳು. ಹಾಗೆ ಮಾಡ್ತಾ ಮಾಡ್ತಾ ಹೊತ್ತು ಸರಿಹೋಯ್ತು.

"ಒಂದೇ ಸಲ ಸರಿ ಮಾಡಬಾರದಾ ಅವ್ವಾ?"

"ಬೇಡ ಮಗಾ. ಜನ ಬೆಚ್ಚಿಬೀಳ್ತಾರೆ. ಏನೇ ಎಡವಟ್ಟಾದರೂ ಒಂದೇ ಸಲ ತಿದ್ದಬಾರದು. ಸ್ವಲ್ಪ ಸ್ವಲ್ಪ, ಸ್ವಲ್ಪ ಸ್ವಲ್ಪ, ಯಾರಿಗೂ ಗೊತ್ತಾಗದ ಹಾಗೆ!"

ಕೆಂಚ ತಲೆ ಆಡಿಸಿದ. ಅವನು ತಲೆ ಆಡಿಸಿದಾಗಲೇ ನಾವು ಹೆದರಬೇಕು.

ಮಾರನೇ ದಿನ ಮಧ್ಯಾಹ್ನ ಬಾಗಿಲ ಹೊರಗೆ ನಿಂಗಿ ಅನ್ನೋಳು ಹುಲ್ಲು ಕೊಯ್ತಿದ್ದಳು, ಮೇಕೆಮರಿ ಪಕ್ಕದಲ್ಲಿ ಮೇಯ್ತಿತ್ತು. ಕೆಂಚ ಬಾಗಿಲಲ್ಲಿ ನಿಂತು ಕರೆದ.

"ನಿಂಗಕ್ಕಾ, ಹುಲ್ಲಲ್ಲಿ ಏನೋ ಇದೆ."

"ಏನೋ?"

ಕೆಂಚ ಸುಮ್ಮನಾದ. ಒಂದು ಹೊರೆ ಹುಲ್ಲು ಕೊಯ್ಯೋವಷ್ಟು ಹೊತ್ತು ಬಿಟ್ಟ. "ಬಣ್ಣ ಹಳದಿ, ಅಕ್ಕಾ."

"ಹೂವೇನೋ?"

ಮತ್ತೆ ಸುಮ್ಮನಾದ. "ಬಾಲ ಇದೆ, ಅಕ್ಕಾ."

ನಿಂಗಿ ಕುಡುಗೋಲು ಎಸೆದು ಓಡಿ ಬಂದಳು. ಮೇಕೆಮರಿ ಬರಲಿಲ್ಲ. ನಿಂಗಿ ಮಾಕವ್ವನ ಮಡಿಲಿಗೆ ಬಂದು ಬಿದ್ದಳು. ಕೆಂಚ ಹೇಳಿದ: "ಮೀಸೆಯ ವಿಷಯ ನಾಳೆ ಹೇಳೋಣ ಅಂತಿದ್ದೆ."

"ಹುಲಿ ಮಾತು ಬೇರೆ ಕಣೋ ಮುಠ್ಠಾಳಾ!" ಮಾಕವ್ವ ಚೀರಿದಳು. "ಹುಲಿ ಅಂದರೆ ತಡ ಮಾಡಬಾರದು! ಒಂದೇ ಸಲಕ್ಕೆ, ಇದ್ದ ಬಲ ಎಲ್ಲ ಹಾಕಿಬಿಡಬೇಕು!"

ಕೆಂಚ ಮತ್ತೆ ತಲೆ ಆಡಿಸಿದ.

ಅಷ್ಟರಲ್ಲಿ ನಾಯಕನ ಕಡೆಯಿಂದ ಹೇಳಿಕೆ ಬಂತು. ನಾಳೆ ಪರೀಕ್ಷೆ! ಮಧ್ಯಾಹ್ನ ಬೆಟ್ಟದ ನಡುವೆ ನಿಂತು ಕೊಂಬು ಊದ್ತಾರೆ. ಆಗ ಮೇಲೂ ಕೆಳಗೂ ಒಟ್ಟಿಗೇ ಬಟ್ಟಲು ತೇಲಿಬಿಡಬೇಕು, ಹದಿನೈದು ಸಲ ಮುಳುಗಿದರೆ ಸಂಜೆ. ಸಂಜೆ ಗಳಿಗೆಗೆ ಗುರುಸಿದ್ದಜ್ಜ ಮೇಲೆ ಹುಲ್ಲಿನ ಬೆಂಕಿ ಹಾಕ್ತಾನೆ, ಮಾಕವ್ವ ಕೆಳಗೆ ಜಾಗಟೆ ಹೊಡೀಬೇಕು. ಬೆಂಕಿ ಜಾಗಟೆ ಒಂದಾದರೆ ಸರಿ, ಇಲ್ಲದಿದ್ದರೆ ಮಾಕವ್ವ ಹೊರಗೆ. ದಿನಾ ಹೀಗೇ ಕೊಂಬು ಊದಿ ಬೆಂಕಿ ಹಾಕಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ ಅಂತೀರಾ? ಅದನ್ನ ನಾಯಕನಿಗೆ ಹೋಗಿ ನೀವೇ ಹೇಳಿ.

ಮಾಕವ್ವ ರಾತ್ರಿಯೆಲ್ಲ ಹೊರಳಾಡಿದಳು. ಕಣ್ಣು ಮುಚ್ಚಿದರೆ ಆ ಬಟ್ಟೆ ಗಂಟೇ ಕಾಣ್ತಿತ್ತು. ಬೆಳಿಗ್ಗೆ ಬಟ್ಟಲನ್ನ ಮಗನ ಕೈಗೆ ಕೊಟ್ಟಳು. "ನನ್ನಪ್ಪಾ, ನನ್ನ ಜೀವ ನಿನ್ನ ಕೈಲಿದೆ. ಅಜ್ಜನಿಗೆ ಕೊಡು. ಎರಡು ಬಟ್ಟಲಿನ ತೂತೂ ಒಂದೇ ಸಮ ಆಗಬೇಕು. ಒಂದು ಕೂದಲಿನಷ್ಟೂ ವ್ಯತ್ಯಾಸ ಇರಬಾರದು. ಒಂದೇ ಸಮ ಮಾಡಿಸ್ಕೊಂಡು ಮಧ್ಯಾಹ್ನದೊಳಗೆ ಬಾ!"

ಅವಳ ಮನಸ್ಸಲ್ಲಿದ್ದದ್ದು, ಅಜ್ಜ ಅರಗು ಹಚ್ಚಿ ದೊಡ್ಡ ತೂತನ್ನ ಸಣ್ಣದು ಮಾಡಲಿ ಅಂತ. ಕೆಂಚ ಹೋದಾಗ ಅಜ್ಜ, ಕೊಂಬು ಊದೋ ತನಕ ಕೆಲಸ ಇಲ್ಲ ಅಂತ, ಗೊರಕೆ ಹೊಡೀತಿದ್ದ. ಕೆಂಚ ಎರಡು ಬಟ್ಟಲನ್ನೂ ಪಕ್ಕ ಪಕ್ಕ ಇಟ್ಟು ನೋಡಿದ. ಒಂದರ ತೂತು ದೊಡ್ಡದು, ಒಂದರದು ಸಣ್ಣದು. ಒಂದೇ ಸಮ ಆಗಬೇಕಲ್ಲ! ಸೊಂಟದಿಂದ ಅದೇ ಮೊಳೆ ತೆಗೆದ. ಅಜ್ಜನ ಬಟ್ಟಲಿಗೆ ತೂರಿಸಿ ಗರಗರ ತಿರುಗಿಸಿದ!

"ಒಂದೇ ಸಮ ಆಯ್ತೇನೋ?" ಮಾಕವ್ವ ಮಗನ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ಕೂದಲಿನಷ್ಟೂ ವ್ಯತ್ಯಾಸ ಇಲ್ಲ, ಅವ್ವಾ!"

ಅಷ್ಟರಲ್ಲೇ ಕೊಂಬು ಊದಿದರು. ತೂತು ನೋಡೋಕೂ ಪುರಸೊತ್ತಿಲ್ಲ. ಮಾಕವ್ವ ಬಟ್ಟಲು ತೇಲಿಬಿಟ್ಟಳು. ಬಟ್ಟಲು ಮುಳುಗಿತು, ಎತ್ತಿದಳು. ಮುಳುಗಿತು, ಎತ್ತಿದಳು. ಇದು ಬೇಗ ಮುಳುಗ್ತಿದೆಯಾ, ನನ್ನ ಎದೆ ಬೇಗ ಬಡೀತಿದೆಯಾ? ಅವಳಿಗೆ ತಿಳೀಲಿಲ್ಲ. ಪಕ್ಕದಲ್ಲಿ ನಾಯಕನ ಆಳುಗಳಿಬ್ಬರು ನಿಂತಿದ್ದರು, ತಪ್ಪಿದರೆ ಎಳೆದು ಹೊರಗೆ ಹಾಕೋಕೆ. ಒಬ್ಬನ ಕೈಲಿ ಹಗ್ಗ ಇತ್ತು. ಆ ಹಗ್ಗ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲೇ ಹೋಗ್ತಿತ್ತು. ನಾಯಕ ಒಬ್ಬನೇ ಬಾಗಿಲ ಹೊರಗೆ ನಿಂತಿದ್ದ. ಒಳಗಿಂದ ಬೆಟ್ಟದ ತುದಿ ಕಾಣ್ತಿರಲಿಲ್ಲ, ಅದಕ್ಕೆ.

ಕೊನೆಯ ಬಟ್ಟಲು ಮುಳುಗಿತು. ಮಾಕವ್ವ ಕಣ್ಣು ಮುಚ್ಚಿ ಜಾಗಟೆಗೆ ಹೊಡೆದಳು. ಢಣ್!

"ಬೆಂಕಿ!" ಹೊರಗಿಂದ ನಾಯಕ ಕೂಗಿದ. "ಬೆಂಕಿಯೂ ಬಿತ್ತು! ಎರಡೂ ಒಂದೇ! ಎರಡು ಒಂದಾದಮೇಲೆ ಅದೇ ಸರಿ. ಮಾಕವ್ವ ತಪ್ಪಿಲ್ಲ!"

ಮಾಕವ್ವ ಉಸಿರು ಬಿಟ್ಟಳು. ಪೂರ್ತಿ ಬಿಟ್ಟಿರಲಿಲ್ಲ, ಗಾಳಿ ಬೀಸಿತು, ಮೋಡ ಹರಿಯಿತು, ಇಷ್ಟು ದಿನ ಕಾಣದ ಸೂರ್ಯ ಇಣುಕಿದ. ಎಲ್ಲಿ? ಬೆಟ್ಟದಿಂದ ಮಾರುದ್ದ ಮೇಲೆ! ಹೊತ್ತು ಇನ್ನೂ ಬೇಕಾದಷ್ಟಿತ್ತು!

ನಾಯಕ ಜಾಗಟೆ ನೋಡಿದ, ಬೆಟ್ಟದ ಬೆಂಕಿ ನೋಡಿದ, ಸೂರ್ಯನ್ನ ನೋಡಿದ. ಮುಖ ಕೆಂಪಗಾಯ್ತು. "ಯಾರೋ ತಪ್ಪಿದ್ದಾರೆ! ತಪ್ಪಿದವರು ಬಾಗಿಲ ಹೊರಗೆ! ಈಗಲೇ!"

ಆಳು ಹಗ್ಗ ಬಿಚ್ಚಿದ. ಮಾಕವ್ವನ ಕೈಯಿಂದ ಜಾಗಟೆ ಹೊಡೆಯೋ ಕೊಡತಿ ಜಾರಿ ಬಿತ್ತು. ಮುಗೀತು ಅಂದುಕೊಂಡಳು.

ಕೆಂಚ ಮುಂದೆ ಬಂದ. "ಎರಡೂ ಒಂದೇ, ಅದೇ ಸರಿ ಅಂತ ಬುದ್ಧಿಯವರೇ ಅಂದರಲ್ಲ. ಹಾಗಾದರೆ ತಪ್ಪಿದವನು ಅವನೇ!" ಅಂತ ಸೂರ್ಯನ ಕಡೆ ಬೆರಳು ತೋರಿಸಿದ. "ಹೊರಗೇ ಇರು ಮಗನೇ!" ಅಂದವನೇ ಬಾಗಿಲು ದಬ್ಬಿ ಅಗುಳಿ ಹಾಕಿಬಿಟ್ಟ!

ಸೂರ್ಯ ಹೊರಗೆ. ಸೂರ್ಯನ ಜೊತೆ ನಾಯಕನೂ ಹೊರಗೆ!

"ತೆಗೆಯೋ!" ನಾಯಕ ಬಾಗಿಲು ಗುದ್ದಿದ.

ಆಳುಗಳು ಅಗುಳಿಗೆ ಕೈ ಹಾಕಿದರು. ಮಿಸುಕಲಿಲ್ಲ. "ತೆಗೆಯೋ ಕೆಂಚಾ, ಎಡವಟ್ಟಾಯ್ತು!" ಅಂದರು.

"ಎಡವಟ್ಟಾಯ್ತಾ? ಹಾಗಾದರೆ ಒಂದೇ ಸಲ ತಿದ್ದಬಾರದು," ಅಂದ ಕೆಂಚ. ಅಗುಳಿಯನ್ನ ಒಂದು ಬೆರಳು ಸರಿಸಿದ, ಕೂತ. ಎಲೆ ಅಡಿಕೆ ಹಾಕಿಕೊಂಡ. ಇನ್ನೊಂದು ಬೆರಳು ಸರಿಸಿದ, ಕೂತ. "ಸ್ವಲ್ಪ ಸ್ವಲ್ಪ ಬುದ್ಧೀ. ಯಾರಿಗೂ ಗೊತ್ತಾಗಬಾರದು!"

ಮೊದಲು ನಾಯಕ ಬೈದ. ಆಮೇಲೆ ಬೇಡಿಕೊಂಡ. ಹೊರಗೆ ಹೊತ್ತು ಇಳೀತಿತ್ತು. ಹುಲ್ಲಲ್ಲಿ ಏನೋ ಸರಸರ ಅಂತು. ದೊಡ್ಡ ಗಂಟಲು ಸಣ್ಣದಾಯ್ತು. "ಮಾಕವ್ವಾ... ತಾಯೀ... ಏನೋ ಬರ್ತಿದೆ, ನನ್ನ ಒಳಗೆ ಕರಕೋ ತಾಯೀ!"

ಆ ದನಿ ಮಾಕವ್ವನಿಗೆ ಗುರುತು ಸಿಕ್ಕಿತು. ಇಷ್ಟು ದಿನ ಅವಳ ಹೊಟ್ಟೆಯೊಳಗೆ ಕೂಗ್ತಿದ್ದ ದನಿ ಅದೇ. ಇರಲಿ ಒಂದು ಗಳಿಗೆ ಅಂತ ಅನ್ನಿಸಿತಾ ಅವಳಿಗೆ? ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಮನಸ್ಸು ತಡೀಲಿಲ್ಲ. ಬೇಗ ತೆಗಿ ಅಂದರೆ ಈ ಮಗ ತೆಗೆಯೋದಿಲ್ಲ ಅಂತ ಅವಳಿಗೆ ಗೊತ್ತು. ಎದ್ದು ನಿಂತು ಚೀರಿದಳು: "ಕೆಂಚಾ! ಹುಲಿ!"

ಹುಲಿ ಅಂದರೆ ಒಂದೇ ಸಲಕ್ಕೆ! ಕೆಂಚ ಇದ್ದ ಬಲ ಎಲ್ಲ ಹಾಕಿ ಅಗುಳಿ ಕಿತ್ತ, ಬಾಗಿಲು ಎಳೆದ. ನಾಯಕ ಮಗುಚಿಕೊಂಡು ಒಳಗೆ ಬಿದ್ದ. ರುಮಾಲು ಇಲ್ಲ, ಕಾಲಲ್ಲಿ ಕೆರ ಇಲ್ಲ. ಬಿದ್ದಲ್ಲೇ ಮಾಕವ್ವನ ಸೆರಗು ಹಿಡಕೊಂಡು, "ಇನ್ನು ಯಾರನ್ನೂ ಹೊರಗೆ ಹಾಕೋದು ಬೇಡ. ಯಾರನ್ನೂ ಬೇಡ," ಅಂದ. ಆಳು ಹಗ್ಗವನ್ನ ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದ.

ಮಾಕವ್ವ ಮಗನ್ನ ಹುಡುಕಿದಳು. ಅವನು ಬಾಗಿಲ ನಡುವೆ ನಿಂತು ಬೆಟ್ಟದ ಕಡೆ ನೋಡ್ತಿದ್ದ. ಸೂರ್ಯ ಮುಳುಗಿದ್ದ. ಬೆಟ್ಟದ ಮೇಲೆ ಕೆಂಪು ಮಾತ್ರ ಉಳಿದಿತ್ತು. ಕೆಂಚ ಎರಡೂ ಕೈ ತಲೆ ಮೇಲೆ ಹೊತ್ತು ಗೊಳೋ ಅಂತ ಅತ್ತುಬಿಟ್ಟ.

"ಅವ್ವಾ! ನಾನು ತಡ ಮಾಡಿಬಿಟ್ಟೆ! ಹುಲಿ ಸೂರ್ಯನ್ನ ತಿಂದುಬಿಡ್ತು! ನೋಡಲ್ಲಿ, ರಕ್ತ!"