ಮೇಲ್ದಿಬ್ಬಕ್ಕೆ ಮೂರು ಒಗಟು

“ಕೇಳಿರಿ, ಕೇಳಿರಿ! ಹೋದ ಮಳೆಗಾಲದ ನೆರೆ ಮುಟ್ಟದ ಜಾಗ ಈ ಊರಲ್ಲಿ ಒಂದೇ, ಅರಮನೆಯ ಹಿಂದಿನ ಮೇಲ್ದಿಬ್ಬ. ಅರಸರ ಮೂರು ಒಗಟು ಬಿಡಿಸಿದವರಿಗೆ ಅದು ಸ್ವಂತ. ಒಂದು ತಪ್ಪಿದರೂ ತಲೆದಂಡ!”

ಡಂಗುರ ಕೇಳಿದ ಅಂಬಿಗ ಹೊನ್ನೂರನಿಗೆ ಮೊದಲು ಬಂದದ್ದು ಆಸೆಯಲ್ಲ, ಅನುಮಾನ. ಅರಮನೆಯವರು ಪುಕ್ಕಟೆ ಏನನ್ನಾದರೂ ಕೊಟ್ಟದ್ದುಂಟೆ? ಆದರೆ ಅವನ ಕೆಳಕೇರಿಯ ನಲವತ್ತು ಮನೆಯವರು ಇನ್ನೂ ಹೊಳೆದಂಡೆಯ ಚಾಪೆಗುಡಿಸಲಲ್ಲೇ ಇದ್ದರು. ಮುಂಗಾರಿಗೆ ತಿಂಗಳೂ ಉಳಿದಿರಲಿಲ್ಲ. ಬೈದುಕೊಳ್ಳುತ್ತಲೇ ಹೊರಟ.

ಸಭೆಯಲ್ಲಿ ಅವನಿಗಿಂತ ಮುಂಚೆ ಇಬ್ಬರಿದ್ದರು. ದಿಬ್ಬದ ಮೇಲೆ ಉಗ್ರಾಣ ಕಟ್ಟುವ ಕನಸಿನ ಸಾಹುಕಾರ ಕೊಟ್ರಬಸಪ್ಪನನ್ನು ಅರಸ ಕೇಳಿದ: “ಬಂದಾಗ ಊರೆಲ್ಲ ನೋಡಿತು. ಹೋದ ಮೇಲೆ ನೆನಪಿಟ್ಟುಕೊಂಡದ್ದು ಗೋಡೆಯೊಂದೇ. ಏನದು?”

“ದೀಪದ ಮಸಿ” ಎಂದ ಸಾಹುಕಾರ. ಭಟರು ರಟ್ಟೆ ಹಿಡಿದರು.

ಮೊದಲನೆಯದನ್ನು ಹಾಗೇ ಬಿಟ್ಟು ಪಂಡಿತ ನರಹರಿಭಟ್ಟನಿಗೆ ಎರಡನೆಯದನ್ನು ಕೇಳಿದ: “ಬೇಸಿಗೆಯಲ್ಲಿ ಅದನ್ನು ಹೊಲಿಯುವವನನ್ನು ಕಂಡು ನಗುತ್ತಾರೆ, ಆಷಾಢದಲ್ಲಿ ಅವನ ಕಾಲು ಹಿಡಿಯುತ್ತಾರೆ. ಏನದು?” ಪಂಡಿತ ಗಡ್ಡ ನೀವಿ “ಕಂಬಳಿ” ಎಂದ. ತಲೆದಂಡದ ದಿನ ಕಾಯಲು ಗಡ್ಡದ ಸಮೇತ ಸೆರೆಮನೆ ಸೇರಿದ.

ಹೊನ್ನೂರನ ಸರದಿ ಬಂತು. ಎರಡಕ್ಕೂ ಉತ್ತರ ಗೊತ್ತಿತ್ತು, ಅದೇ ಅವನ ಭಯ. ಇಷ್ಟು ಸುಲಭ ಅಂದರೆ ಒಳಗೇನೋ ಮಸಲತ್ತು ಇರಬೇಕು.

“ಮೊದಲ್ನೇದು ನೆರೆ ನೀರಿನ ಗೆರೆರೀ, ದೊರೆಗಳೇ. ಸುಣ್ಣ ಬಳಿದು ಅಳಿಸ್ಯಾರ. ಇದ್ದಿದ್ರ ಎಲ್ಲಿ ಮನೆ ಕಟ್ಟಬಾರದು ಅಂತ ಗೋಡೆನೇ ಹೇಳ್ತಿತ್ತು. ಎರಡನೇದು ಹರಿಗೋಲು. ಬಿದಿರಬುಟ್ಟಿಗೆ ತೊಗಲು ಬೇಸಿಗ್ಯಾಗ ಹೊಲೀಬೇಕ್ರಿ, ನೀರು ಬಂದ ಮ್ಯಾಲಲ್ಲ.”

“ಎರಡೂ ಸರಿ” ಎಂದ ಅರಸ. “ಮೂರನೆಯದು. ಅದರ ಬಾಯಿ ಊರಿಗೇ ದೊಡ್ಡದು. ಊರು ಮುಳುಗುವಾಗ ಮಾತ್ರ ಸುಮ್ಮನಿತ್ತು. ಏನದು? ಯಾಕೆ ಸುಮ್ಮನಿತ್ತು?”

ಮಂತ್ರಿಗಳೆಲ್ಲ ನೆಲ ನೋಡಿದರು. ಹೊನ್ನೂರನಿಗೆ ಈಗ ಬಲೆ ಕಂಡಿತು. ನಿಜ ಹೇಳಿದರೆ ಅರಸನನ್ನೇ ದೂರಿದಂತೆ, ಸುಳ್ಳು ಹೇಳಿದರೆ ಉತ್ತರ ತಪ್ಪು. ಎರಡು ಕಡೆಯೂ ಕತ್ತಿ. ಹೇಗೂ ಸಾಯುವುದಾದರೆ ಹೇಳಿಯೇ ಸಾಯೋಣ ಎಂದುಕೊಂಡ.

“ಕೋಟೆ ಮ್ಯಾಲಿನ ನಗಾರಿ. ನೀರು ಏರಿದ್ದು ಮಟಮಟ ಮಧ್ಯಾಹ್ನ, ತಾವು ಉಂಡು ಮಲಗಿದ್ರಿ. ದೊರೆ ಮಲಗಿದಾಗ ನಗಾರಿ ಬಾರಿಸಬಾರದು ಅಂತ ಅರಮನೆ ಪದ್ಧತಿ. ಬಾರಿಸೋನು ಕೋಲು ಹಿಡಿದು ನೀರು ನೋಡ್ತಾ ನಿಂತ. ನಮ್ಮ ಕೇರಿಯ ಒಂಬತ್ತು ಜೀವ ಹೋದವ್ರಿ.”

ಅರಸ ಸಿಂಹಾಸನದಿಂದ ಎದ್ದ. “ಅವರು ಯಾಕೆ ಸತ್ತರೆಂದು ಎಂಟು ತಿಂಗಳಿಂದ ಕೇಳುತ್ತಿದ್ದೇನೆ. ಎಲ್ಲರೂ ಹೊಳೆಯದೇ ತಪ್ಪು ಎಂದರು. ತಲೆ ಹೋದರೂ ನಿಜ ಹೇಳುವವನು ನನಗೆ ಬೇಕಿತ್ತು.”

ಸೆರೆಯಾದ ಇಬ್ಬರನ್ನೂ ಬಿಡಿಸಿದ. ದಿಬ್ಬ ಕೆಳಕೇರಿಗಾಯಿತು, ನಗಾರಿಯ ಕೋಲು ಹೊನ್ನೂರನ ಕೈಗೆ ಬಂತು. ಯಾವಾಗ ಬೇಕಾದರೂ ಬಾರಿಸು ಎಂದ ಅರಸ.

ಹೊನ್ನೂರ ಆಗಲೂ ನಂಬಲಿಲ್ಲ. ಮರುದಿನ ಅರಸ ಉಂಡು ಮಲಗುವುದನ್ನೇ ಕಾದಿದ್ದು, ಕೋಟೆ ಹತ್ತಿ ನಗಾರಿ ಬಡಿದ. ಊರಿಗೆ ಊರೇ ದಿಬ್ಬಕ್ಕೆ ಓಡಿತು. ಕೊನೆಗೆ, ಕಿರೀಟವಿಲ್ಲದೆ, ಬರಿಗಾಲಲ್ಲಿ, ಕೆಳಕೇರಿಯ ಮಗುವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಅರಸನೂ ಬಂದ.

“ನೀರು ಎಲ್ಲಿವರೆಗೆ ಬಂತು?”

“ನೀರು ಬಂದಿಲ್ರಿ. ನಿಮ್ಮ ಮಾತು ಖರೇನೋ ಏನೋ ಅಂತ ನೋಡಿದೆ.”

ಅರಸ ಮಗುವನ್ನು ಇಳಿಸಿ ಉಸಿರು ಎಳೆದುಕೊಂಡ. “ಇವತ್ತು ನಾನು ತಡವಾಗಿ ಬಂದೆ” ಎಂದ. “ನಾಳೆ ಮತ್ತೆ ಬಾರಿಸು.”