ಬರ್ತೀನಿ ಅಂದು ಹೋದ ಬೆಂಕಿ

ಒಂದಾನೊಂದು ಕಾಲ ಅಂತ ಇತ್ತಂತೆ ಮಗ. ಆಗ ಬೆಟ್ಟಗಳಿಗೂ ಸಂಸಾರ ಇತ್ತಂತೆ.

ಸಮುದ್ರದ ಹತ್ರ ಒಂದು ಬೆಟ್ಟ. ಅವಳ ಹೆಸರು ಕರಿಯಮ್ಮ. ಅವಳ ಗಂಡ ಬೆಂಕಿ. ಅವಳ ಹೊಟ್ಟೆಯೊಳಗೇ ಕೊತಕೊತ ಅಂತ ಇರೋನಂತೆ. ಒಂದು ದಿನ ಅವನಿಗೆ ಕಾಲು ನಿಲ್ಲಲಿಲ್ಲ. ಬರ್ತೀನಿ ಕಣೇ ಅಂದ. ಅಂದೋನು ಕೆಂಪು ಹೊಳೆಯಾಗಿ ಹರಿದು ಹೋದ. ಅವನು ಹರಿದ ದಾರಿ ಟೊಳ್ಳಾಗಿ ಉಳೀತು. ಅದೇ ದೊಡ್ಡ ಗವಿ ಆಯ್ತಂತೆ. ಆಮೇಲೆ ಆ ಗವಿ ತಣ್ಣಗಾಯ್ತು, ಇನ್ನೂ ತಣ್ಣಗಾಯ್ತು, ಬೇಸಿಗೆ ಮಧ್ಯಾಹ್ನದಲ್ಲೂ ಅಲ್ಲಿ ಮಾತಾಡಿದ್ರೆ ಬಾಯಿಂದ ಹೊಗೆ ಬರೋದಂತೆ.

ಇಂಥ ಸುದ್ದಿ ಒಂದೂರಲ್ಲಿ ನಿಲ್ಲುತ್ತಾ? ಊರೂರಿಂದ ಜನ ನೋಡೋಕೆ ಬಂದ್ರು. ರಾಜ ಅಲ್ಲೊಬ್ಬ ಕಾವಲುಗಾರನ್ನ ಇಟ್ಟ, ಜವರಯ್ಯ ಅಂತ. ಬಂದವರಿಗೆ ಪಂಜು ಕೊಟ್ಟು, ಕಂಬಳಿ ಹೊದಿಸಿ, ಒಳಗೆ ಸುತ್ತಿಸಿ ತರೋದು ಅವನ ಕೆಲಸ.

ಅಲ್ಲಿಗೆ ಹೋಗ್ಬೇಕು ಅಂತ ಕೆಂಚಿ ಕುಣಿದ್ಲಂತೆ. ಕೆಂಚಿ ಯಾರು ಅಂದ್ರೆ ಮೂರು ಜನ ಅಕ್ಕತಂಗೀರಲ್ಲಿ ಕಿರಿಯಳು. ನಾಲಿಗೆಗೆ ಬಿಡುವಿಲ್ಲದೋಳು. ನಡುವಿನವಳು ಹೂವಿ. ಹಿರಿಯಳು ಬಂಗಾರಿ, ಹೆರಿಗೆಗೆ ತವರಿಗೆ ಬಂದೋಳು. ಅವಳ ಕೂಸು ಆಗಿನ್ನೂ ಮಗುಚಿಕೊಳ್ಳೋಕೆ ಕಲೀತಿತ್ತು. ಹಸೀ ಬಾಣಂತಿಗೆ ಥಂಡಿ ಆಗಲ್ವೇನ್ರೇ ಅಂತ ಸೋದರತ್ತೆ ದುಗ್ಗಮ್ಮ ಬೈದ್ಲು. ಬೈದೋಳೇ ಬಂಗಾರಿ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿ, ಗಾಡಿ ಹತ್ತಿಸಿ, ತಾನೂ ಹತ್ತಿದ್ಲಂತೆ. ಗಾಡಿ ಸಮುದ್ರದ ದಡದಲ್ಲೇ ಹೋಯ್ತು. ಅಲ್ಲಿ ಕರೀ ಕಲ್ಲಿನ ಹೊಳೆಯೊಂದು ಬೆಟ್ಟದಿಂದ ಇಳಿದು ಬಂದು, ನೀರಿಗೆ ಮುಖ ಇಟ್ಟು ಸತ್ತು ಬಿದ್ದಿತ್ತಂತೆ. ಬೆಂಕಿ ಇಲ್ಲಿ ತನಕ ಬಂದು ಚುಯ್ ಅಂತ ಆರಿಹೋದ ಅಂತ ಗಾಡಿಯವನು ತೋರಿಸಿದ.

ಗವಿ ಬಾಗಿಲಿಗೆ ಬಂದ್ರು. ದುಗ್ಗಮ್ಮ ಮಗೂನ ಇಟ್ಕೊಂಡು ಗಾಡೀಲೇ ಕೂತ್ಲು. ಬೆಟ್ಟದ ಹೊಟ್ಟೆಗೆ ಇಳಿಯೋಕೆ ನಾನೇನು ಜಂತುಹುಳಾನಾ, ನೀವು ಹೋಗಿ ಅಂದ್ಲಂತೆ. ಜವರಯ್ಯ ಪಂಜು ಎತ್ತಿ ಕೂಗಿದ. ತಲೆ ಬಗ್ಗಿಸಿ ನಡೀರವ್ವಾ, ಈ ಕಲ್ಲು ನೆಂಟಸ್ತನ ನೋಡಲ್ಲ!

ಒಳಗೆ ಹೋದ್ರೆ ಏನು ಅಂತೀಯ! ಗೋಡೆ ಅಂದ್ರೆ ಬೆಲ್ಲದ ಪಾಕ ಸುರಿದು ಹಂಗೇ ಗಟ್ಟಿಯಾದಂಗೆ. ಮೇಲೆ ನೋಡಿದ್ರೆ ಹಸುವಿನ ಮೊಲೆತೊಟ್ಟಿನ ಥರ ಕಲ್ಲು ಜೋತಾಡ್ತಿದೆ. ಕೆಂಚಿ ಕೂ ಅಂದ್ಲು. ಗವಿ ಕೂ ಅಂತು. ಕೆಂಚಿ ಹಹ್ಹಾ ಅಂತ ಹೊಗೆ ಬಿಟ್ಲು. ಗವಿ ನೋಡೋಕೆ ಬಂದಿದ್ದ ಜನ ಎಲ್ಲಾ ಹಹ್ಹಾ ಅಂತ ಹೊಗೆ ಬಿಟ್ರು. ಮೂಲೇಲಿ ನೀರು ಗಾಜಿನ ಹಂಗೆ ಕಟ್ಟಿತ್ತು. ಕೆಂಚಿ ಸುಮ್ಮನಿರದೆ ನಾಲಿಗೆ ಇಟ್ಲು. ನಾಲಿಗೆ ಅಂಟಿಕೊಳ್ತು! ಅಬ್ಬಾ, ಇವಳ ನಾಲಿಗೆ ಹಿಡಿಯೋ ಕಲ್ಲೂ ಐತಲ್ಲಾ, ಮನೆಗೊಂದು ಹೊತ್ಕೊಂಡು ಹೋಗಣ ಅಂತ ಹೂವಿ ನಕ್ಕಳಂತೆ. ಜವರಯ್ಯ ಉಫ್ ಉಫ್ ಅಂತ ಬಿಸಿ ಉಸಿರು ಬಿಟ್ಟು ಬಿಡಿಸಿದ.

ಆಮೇಲೆ ಬಂಗಾರಿಗೆ ಎದೆ ತುಂಬಿ ಬಂತು. ಮಗು ಹಸೀತದೆ, ನಡೀರಿ ಅಂದ್ಲು. ಎಲ್ಲಾ ಬಾಗಿಲ ಹತ್ರ ಬಂದ್ರು. ಯಾರ ಮನೆಯಿಂದ ಹೊರಟ್ರೂ ಹೇಳೋ ಹಂಗೆ ತಿರುಗಿ ಹೇಳಿದ್ರು, ಬರ್ತೀವಮ್ಮ ಕರಿಯಮ್ಮ.

ಝಲ್!

ಬಾಗಿಲಿಗೆ ಮಂಜುಗಡ್ಡೆ ಗೋಡೆ ಬಿತ್ತಂತೆ. ಗವಿ ಮಾತಾಡ್ತು. ನೋಡೋಕೆ ಬಂದೋರೆಲ್ಲಾ ಬರ್ತೀವಿ ಅಂತೀರ. ನಾನು ಕಾಯ್ತೀನಿ. ಒಬ್ರಾದ್ರೂ ಬಂದ್ರಾ? ಇನ್ನು ಯಾರನ್ನೂ ಬಿಡಲ್ಲ.

ಮಂಜಿನ ಆಚೆ ಕೂಸು ಅಳ್ತಿತ್ತು. ಕೇಳುತ್ತೆ, ಕೈಗೆ ಸಿಗಲ್ಲ. ಬಂಗಾರಿ ಮಂಜಿಗೆ ಹಣೆ ಹಚ್ಚಿ ಬೇಡಿಕೊಂಡ್ಲಂತೆ. ತಾಯೀ, ನನ್ನ ಬಿಡು. ಕರಿಯಮ್ಮ ಅಂದ್ಲು, ಬಿಡ್ತೀನಿ, ಬರ್ತೀನಿ ಅನ್ನಬೇಡ, ಹೋಗ್ತೀನಿ ಅನ್ನು. ಅಯ್ಯೋ ಬಿಡ್ತು ಅನ್ನು ಅಂತ ಜನ ಕೂಗಿದ್ರು. ಮೊಲೆಹಾಲು ಕುಡಿಯೋ ಕೂಸಿನ ತಾಯಿ ಹೋಗ್ತೀನಿ ಅನ್ನೋ ಮಾತಾ ಅದು? ಬಂಗಾರಿಗೆ ನಾಲಿಗೆ ಹೊರಳಲಿಲ್ಲ.

ಆಮೇಲೆ ಹೂವಿ ಮುಂದೆ ಬಂದ್ಲು. ಪ್ರತಿ ಅಮಾವಾಸ್ಯೆಗೂ ಬರ್ತೀನಿ, ಆಣೆ ಅಂದ್ಲು. ಸುಳ್ಳು ಅಂತ ಗವಿಗೆ ಗೊತ್ತಾಯ್ತು. ಮಂಜು ಇನ್ನೊಂದು ಗೇಣು ದಪ್ಪ ಆಯ್ತಂತೆ.

ಆಮೇಲೆ ಕೆಂಚಿ. ಅವಳಿಗೆ ಹಲ್ಲು ಕಟಕಟ ಅಂತಿತ್ತು. ಇಷ್ಟು ದೊಡ್ಡ ಮನೆ, ಒಲೆ ಉರಿಯಲ್ಲ ಅಂದ್ಕೊಂಡ್ಲು. ಒಲೆ ಹಚ್ಚದೆ ಇರೋದು ಯಾವ ಮನೇಲಿ? ಗಾಡಿಯವನು ತೋರಿಸಿದ ಕರೀ ಕಲ್ಲಿನ ಹೊಳೆ ನೆನಪಾಯ್ತು. ಅವ್ವಾ, ಬರ್ತೀನಿ ಅಂತ ನಿಂಗೆ ಮೊದಲು ಹೇಳಿದ್ದು ಯಾರು ಅಂತ ಕೇಳಿದ್ಲು.

ನಮ್ಮೆಜಮಾನ್ರು ಅಂದ್ಲಂತೆ ಕರಿಯಮ್ಮ.

ಯಾರೂ ನಿಂಗೆ ಹೇಳಲಿಲ್ವಾ ಅವ್ವಾ?

ಏನು?

ಅಕ್ಕಂದಿರಿಬ್ಬರೂ ಸುಮ್ಮನಿರೇ ಅಂತ ಸೆರಗು ಜಗ್ಗಿದ್ರು. ಕೆಂಚಿ ಮೆಲ್ಲಗೆ ಹೇಳಿದ್ಲಂತೆ. ಅವರು ಸಮುದ್ರದ ದಡದಲ್ಲಿ ಮಲಗವ್ರೆ ಅವ್ವಾ. ತಣ್ಣಗಾಗವ್ರೆ. ಬರಾಕಿಲ್ಲ.

ಪಂಜಿನ ಉರಿ ಕೂಡ ಅಲ್ಲಾಡಲಿಲ್ಲ.

ಬರಾಕಿಲ್ವಾ?

ಇಲ್ಲ ಕಣವ್ವಾ.

ಅಷ್ಟು ಹೇಳಿ ಕೆಂಚಿ ಕಲ್ಲಿನ ಮೇಲೆ ಕೂತ್ಲು. ಬಾಯಿ ಮುಚ್ಕೊಂಡು ಕೂತ್ಲು. ಹುಟ್ಟಿದಾಗಿಂದ ಅಷ್ಟು ಹೊತ್ತು ಅವಳು ಸುಮ್ಮನಿದ್ದಿದ್ದೇ ಇಲ್ಲವಂತೆ. ಬಂಗಾರಿ ಪಕ್ಕದಲ್ಲಿ ಕೂತ್ಲು. ಹೂವಿ ಕೂತ್ಲು. ಜನ ಒಬ್ಬೊಬ್ರಾಗಿ ಕೂತ್ರು. ಯಾರೂ ಸಮಾಧಾನ ಹೇಳಲಿಲ್ಲ. ಏನಂತ ಹೇಳ್ತಾರೆ? ಆಚೆ ಮಗು ಅಳ್ತಾನೇ ಇತ್ತು. ಬಂಗಾರಿ ಎದೆ ಹಿಡ್ಕೊಂಡು ಕೂತೇ ಇದ್ಲು.

ಆಮೇಲೆ ಕೆಂಚಿ ಕೆನ್ನೆ ಮೇಲೆ ಒಂದು ಹನಿ ಬಿತ್ತು. ಟಪ್. ಇನ್ನೊಂದು ಟಪ್. ಆಮೇಲೆ ಮೇಲಿನ ಕಲ್ಲಿನಿಂದೆಲ್ಲಾ ನೀರು. ಇಷ್ಟು ಕಾಲ ಕಾದಿದ್ದ ಕರಿಯಮ್ಮ ಆವತ್ತು ಅತ್ತಳಂತೆ. ಆ ಬಿಸಿನೀರಿಗೆ ಬಾಗಿಲ ಮಂಜು ಕರಗಿ, ಬಿಸಿಲು ದಡಾರ್ ಅಂತ ಒಳಗೆ ನುಗ್ತಂತೆ!

ಕೆಂಚಿ ಬುತ್ತಿ ಬಿಚ್ಚಿದ್ಲು. ಒಲೆ ಹಚ್ಚದ ಮನೆಗೆ ನೆರೆಯವರೇ ತಾನೇ ಅನ್ನ ತರೋದು? ರೊಟ್ಟಿ, ಹುಚ್ಚೆಳ್ಳು ಚಟ್ನಿ, ಎಲ್ಲಾ ಕಲ್ಲಿನ ಮೇಲೆ ಇಟ್ಲು. ಎಲ್ಲಾರೂ ಎದ್ರು. ಜವರಯ್ಯ ಅಭ್ಯಾಸಬಲ, ಬರ್ತೀ ಅಂತ ಬಾಯಿ ತೆಗೆದ. ಕೆಂಚಿ ಅವನ ಬಾಯಿ ಮುಚ್ಚಿದ್ಲು. ಸಾವಿನ ಮನೇಲಿ ಹಂಗನ್ನಬಾರದು ಮಾವ. ಸುಮ್ಮನೆ ಎದ್ದು ಹೋಗ್ಬೇಕು.

ಸುಮ್ಮನೆ ಹೋದ್ರಂತೆ. ತಿರುಗಿ ನೋಡಲಿಲ್ಲ. ಕರಿಯಮ್ಮ ಬಿಟ್ಟಳಂತೆ.

ಹೊರಗೆ ಬಂಗಾರಿ ಓಡಿದ್ಲು ನೋಡು! ಕಿವಿ ಹತ್ತಿ ಎಲ್ಲಿ ಬಿತ್ತೋ, ತಲೆ ಬಟ್ಟೆ ಎಲ್ಲಿ ಬಿತ್ತೋ. ಮಗು ಎದೆ ಕಚ್ಕೊಂಡು ಚಪ್ ಚಪ್ ಅಂತ ಕುಡೀತು. ಎಲ್ಲಿ ಹಾಳಾಗಿ ಹೋಗಿದ್ರೇ, ನನ್ನ ಸೀರೆಯೆಲ್ಲಾ ಉಚ್ಚೆ ಮಾಡೈತೆ ಅಂತ ದುಗ್ಗಮ್ಮ ಬೈತಾನೇ ಇದ್ಲು, ಅಳ್ತಾನೇ ಇದ್ಲು.

ಕರಿಯಮ್ಮನ ನೀರು ತೊರೆಯಾಗಿ ಇಳಿದು ಸಮುದ್ರಕ್ಕೆ ಹೋಯ್ತಂತೆ, ಗಂಡ ಮಲಗಿರೋ ಕಡೆಗೇ. ದಾರೀಲಿ ಊರೂರಿಗೂ ನೀರಾಯ್ತು. ಬಂಗಾರಿ ಕೂಸು ಆ ನೀರಲ್ಲೇ ಈಜು ಕಲೀತು. ಈಗಲೂ ಜನ ಗವಿ ನೋಡೋಕೆ ಹೋಗ್ತಾರಂತೆ. ಕೂ ಅಂತ ಕೂಗ್ತಾರೆ, ಹೊಗೆ ಬಿಡ್ತಾರೆ, ಒಂದು ತುತ್ತು ಕಲ್ಲಿನ ಮೇಲಿಟ್ಟು ಮಾತಿಲ್ಲದೆ ಎದ್ದು ಬರ್ತಾರೆ. ಬಿಸಿಲಿಗೆ ಬಂದಿದ್ದೇ ತಡ, ಎಲ್ಲಾರೂ ಒಟ್ಟಿಗೆ ಮಾತಾಡೋಕೆ ಶುರು ಮಾಡ್ತಾರಂತೆ.

ಅಲ್ಲಿಗೆ ಕತೆ ಮುಗೀತು. ಕಂಬಳಿ ಎಳ್ಕೊ ಮಗ.