ಜೋಳದ ಎಲೆಗೆ ಬಿಳಿ ಗೆರೆ ಬಂದದ್ದು

ಭೂಮಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಆಗಿನ ಮಾತು ಇದು. ಗುಡ್ಡಗಳು ಆಗತಾನೆ ಎದ್ದು ಕೂತಿದ್ದವು. ಗಾಳಿಗೆ ಯಾವ ಕಡೆ ಬೀಸಬೇಕೆಂದು ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಮಣ್ಣು ಮಾತಾಡುತ್ತಿತ್ತು, ಬೆಳೆಯೂ ಮಾತಾಡುತ್ತಿತ್ತು. ಈಗ ಯಾಕೆ ಮಾತಾಡುವುದಿಲ್ಲ ಅಂತ ನನ್ನನ್ನು ಕೇಳಬೇಡ. ನೀವೆಲ್ಲ ಇಷ್ಟು ಗದ್ದಲ ಹಾಕಿದರೆ ಪಾಪ ಅವು ಬಾಯಿ ಹೇಗೆ ತೆಗೆಯಬೇಕು?

ಆಗ ಜೋಳ ಇದ್ದದ್ದು ಒಂದೇ ಕಡೆ, ಹೊಳೆದಂಡೆಯ ಎರೆಹೊಲದಲ್ಲಿ. ಎರೆ ಅಂದರೆ ಕರೀ ಮಣ್ಣು. ಬಿದ್ದ ಮಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಾಯುವ ಮಣ್ಣು. ಅಲ್ಲಿ ಜೋಳದ ಎಲೆ ಅಗಲವಾಗಿ, ಉದ್ದವಾಗಿ, ಕೈಬೀಸಿ ಬೆಳೆಯುತ್ತಿತ್ತು. ಎಲೆಯೆಲ್ಲ ಬರೀ ಹಸಿರು. ನಡುವೆ ಗೆರೆಗಿರೆ ಏನೂ ಇರಲಿಲ್ಲ.

ಆ ಹೊಲದ ಒಡತಿ ಹೊನ್ನವ್ವ. ಅವಳದೊಂದು ಪದ್ಧತಿ. ಬೆಳೆ ಸೊಂಟದುದ್ದ ಆದಾಗ ಸಾಲಿಗಿಳಿದು, ಒಂದೊಂದು ಗಿಡದ ಎಲೆಯನ್ನೂ ಬೆರಳಿನ ಮೇಲೆ ಹಾಸಿ ನೋಡುವಳು. ನಾಲ್ಕು ಬೆರಳು ಮುಚ್ಚಿದರೆ ಅದು ಜೋಳ. ಮುಚ್ಚದಿದ್ದರೆ ಯಾವುದೋ ಕಾಡುಹುಲ್ಲು, ಬೇರುಸಮೇತ ಕಿತ್ತು ಬದುವಿಗೆ ಎಸೆ! ಅವಳ ಮಗಳು ತಂಗೆವ್ವ ಚಿಕ್ಕಂದಿನಿಂದ ಅವ್ವನ ಸೆರಗು ಹಿಡಿದು ಸಾಲು ಸಾಲು ತಿರುಗಿ ಇದನ್ನೇ ಕಲಿತಳು.

ತಂಗೆವ್ವ ದೊಡ್ಡವಳಾದಳು. ಅವಳನ್ನು ಮೂರು ದಿನದ ದಾರಿ ಆಚೆ, ಮರಡಿ ಸೀಮೆಗೆ ಕೊಟ್ಟರು. ಮರಡಿ ಅಂದರೆ ಗೊತ್ತಲ್ಲ? ಕೆಂಪು ಗರಸಿನ, ಅಂದರೆ ಸಣ್ಣ ಹರಳುಕಲ್ಲಿನ ದಿಬ್ಬ. ಮಳೆ ಬಂದರೆ ಅತ್ತ ಕುಡಿದು ಇತ್ತ ಮರೆತುಬಿಡುವ ನೆಲ. ಅಲ್ಲಿನವರು ಸಾವಿಯ ಸಣ್ಣ ಕಾಳು ಉಣ್ಣುವವರು, ಜೋಳದ ಹೆಸರೂ ಕೇಳಿದವರಲ್ಲ.

ಹೊರಡುವಾಗ ಹೊನ್ನವ್ವ ಮಗಳ ಉಡಿಗೆ ಅಕ್ಕಿ ಹಾಕಲಿಲ್ಲ, ಜೋಳ ಹಾಕಿದಳು.

"ನಮ್ಮ ಹೊಲದ್ದು ಅಂತ ನಿನಗ ಕೊಡೋದು ಇದೊಂದ, ಮಗಳ. ಬೆಳಸು. ಬೀಜ ತಗೊಂಡು ಪಂಚಮಿಗೆ ಬಾ. ಕೆಡಿಸಿಗಿಡಿಸಿ ತಂದೀ ಮತ್ತ!"

"ಕೆಡಸೂದಿಲ್ಲ ಬೇ" ಅಂದಳು ತಂಗೆವ್ವ. ಮೂರು ದಿನವೂ ಉಡಿಯ ಗಂಟನ್ನು ಕೈಬಿಡಲಿಲ್ಲ.

ಮರಡಿಯಲ್ಲಿ ಅವಳಿಗೆ ಯಾವುದೂ ಒಗ್ಗಲಿಲ್ಲ. ನೀರು ಒಗ್ಗಲಿಲ್ಲ, ಬಿಸಿಲು ಒಗ್ಗಲಿಲ್ಲ. ಹೊಳೆಯ ಸದ್ದು ಕೇಳದೆ ಕಿವಿ ಖಾಲಿ ಖಾಲಿ ಅನ್ನಿಸುತ್ತಿತ್ತು. ಒಬ್ಬಳೇ ಇದ್ದಾಗ ಉಡಿಯ ಕಾಳು ಮೂಸುವಳು. ತವರಿನ ಮಣ್ಣಿನ ವಾಸನೆ ಬಂದು ಕಣ್ಣು ತುಂಬಿಬಿಡುತ್ತಿದ್ದವು.

ಮೊದಲ ಮಳೆಗೆ ಬಿತ್ತಿದಳು, ಒಂದು ಬೊಗಸೆ ಮಾತ್ರ ಉಳಿಸಿಕೊಂಡು. ಆ ವರ್ಷ ಆರಂಭದ ಮಳೆ ಚೆನ್ನಾಗಿ ಬಿತ್ತು. ತಗ್ಗಿನಲ್ಲಿದ್ದ ಗಿಡಗಳು ಎಲೆಯನ್ನು ಅಗಲಕ್ಕೆ ಬಿಟ್ಟವು. ಗರಸಿನ ದಿಬ್ಬದ ಮೇಲಿದ್ದವು ಎರಡೇ ಬೆರಳು ಅಗಲ ಬಿಟ್ಟು ಸುಮ್ಮನಾದವು.

ತಂಗೆವ್ವ ಅವ್ವನಂತೆಯೇ ಸಾಲಿಗಿಳಿದು ಬೆರಳು ಹಾಸಿದಳು. ಎರಡು ಬೆರಳಿನವನ್ನೆಲ್ಲ ಕಿತ್ತಳು.

"ತಡೀಬೇ, ತಡಿ! ಅವಸರ ಮಾಡಬ್ಯಾಡ" ಅಂದಿತು ಗಾಳಿ.

"ನಿನಗೇನ ತಿಳೀತೈತಿ? ಊರಿಲ್ಲ, ಮನಿಯಿಲ್ಲ" ಅಂದಳು ತಂಗೆವ್ವ. ಒಂದನ್ನೂ ಬಿಡಲಿಲ್ಲ.

ಆಮೇಲೆ ಮಳೆ ಹೋಯಿತು ನೋಡು. ಹೋದದ್ದು ಬರಲೇ ಇಲ್ಲ. ಅಗಲ ಎಲೆಯ ಮೇಲೆ ಬಿಸಿಲು ಮೈಚೆಲ್ಲಿ ಕೂತಿತು. ಎಲೆ ಎಷ್ಟು ಅಗಲವೋ ಅಷ್ಟು ನೀರು ಹಾರಿತು, ಬೇರಿಗೆ ಸಿಕ್ಕಿದ್ದು ಅರ್ಧವೂ ಅಲ್ಲ. ಎಂಟು ದಿನದಲ್ಲಿ ಹೊಲವೆಲ್ಲ ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಕರಕಲಾಯಿತು. ಒಂದೇ ಒಂದು ತೆನೆ ಸಿಗಲಿಲ್ಲ.

ಆ ವರ್ಷ ತಂಗೆವ್ವ ಪಂಚಮಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಬೇಕು?

ಮರುವರ್ಷ ಉಳಿದ ಬೊಗಸೆಯನ್ನು ಬಿತ್ತಿದಳು. ಇದೂ ಹೋದರೆ ಜೋಳ ಮುಗಿಯಿತು. ತವರಿನದು ಅಂತ ಮುಟ್ಟಿ ನೋಡಲು ಏನೂ ಉಳಿಯುವುದಿಲ್ಲ. ಈ ಸಲ ಮಳೆ ಮೊದಲಿನಿಂದಲೇ ಜಿಪುಣ. ಗಿಡಗಳು ಸೊಂಟಕ್ಕೆ ಬಂದವು. ಬೆರಳು ಹಾಸಿದಳು. ಎರಡು ಬೆರಳು. ಮುಂದಿನದು? ಎರಡು. ಅದರ ಮುಂದಿನದು? ಅದೂ ಎರಡು! ಇಡೀ ಹೊಲದಲ್ಲಿ ನಾಲ್ಕು ಬೆರಳು ಮುಚ್ಚುವ ಎಲೆಯೇ ಇಲ್ಲ.

"ಅಯ್ಯ, ನನ್ನ ಜ್ವಾಳ ಕೆಟ್ಟು ಹೋತು!" ಅಂತ ಅಳುತ್ತಾ ಮೊದಲ ಗಿಡದ ಬುಡಕ್ಕೆ ಕೈ ಹಾಕಿದಳು.

"ಕೀಳಬ್ಯಾಡಬೇ!" ಅಂದಿತು ಜೋಳ. "ನಾನು ಕೆಟ್ಟಿಲ್ಲ. ನಾಲ್ಕು ಬೆರಳು ನನಗ ನೆನಪೈತಿ. ಹೊಟ್ಟಿಯೊಳಗ ಇಟ್ಟುಕೊಂಡೇನಿ. ಆದರ ಇಲ್ಲಿ ನೀರು ಎರಡ ಬೆರಳಿನಷ್ಟು ಐತಿ. ನಾಲ್ಕು ಬೆರಳು ಹರವಿದರ ಸುಟ್ಟು ಹೋಗತೀನಿ."

"ಸುಳ್ಳು! ನೀ ನಮ್ಮವ್ವನ ಜ್ವಾಳಲ್ಲ."

ಬದುವಿನ ಮೇಲೆ ಕೂತಿದ್ದ ಅತ್ತೆ ದ್ಯಾಮವ್ವ ಇದನ್ನೆಲ್ಲ ಕೇಳುತ್ತಿದ್ದಳು. ಮಾತು ಒರಟು, ಮನಸ್ಸು ಮೆತ್ತಗೆ, ಅಂಥ ಹೆಂಗಸು.

"ಏನಬೇ ತಂಗೆವ್ವ" ಅಂದಳು, "ಬಂದಾಗ ನಿನ್ನ ಕೈ ಹಿಂಗ ಇದ್ದವೇನು? ಬೆಣ್ಣಿ ಇದ್ದಂಗ ಇದ್ದವು. ಈಗ ನೋಡಿಕೋ. ಹಂಗಾರ ನೀನೂ ಹೊನ್ನವ್ವನ ಮಗಳಲ್ಲೇನು? ನಿನ್ನೂ ಕಿತ್ತು ಬದುವಿಗೆ ಒಗೀಲೇನು?"

ತಂಗೆವ್ವ ಕೈ ನೋಡಿಕೊಂಡಳು. ಒಡೆದ ಅಂಗೈ, ಕಪ್ಪಾದ ಬೆರಳು. ಅವಳಿಗೆ ಇನ್ನೂ ಜೋರಾಗಿ ಅಳು ಬಂತು. ಆದರೆ ಗಿಡ ಕೀಳಲಿಲ್ಲ.

ಬಿಸಿಲು ಬಂತು. ಸಣ್ಣ ಎಲೆಗಳು ಮಧ್ಯಾಹ್ನ ಸುರುಳಿ ಸುತ್ತಿಕೊಂಡು, ಸಂಜೆ ಬಿಚ್ಚಿಕೊಂಡು, ಹೇಗೋ ತಡೆದವು. ತೆನೆ ಸಣ್ಣದೇ ಬಂತು. ಆದರೆ ಬಂತು, ಕಾಳು ಕಟ್ಟಿತು!

ಮುಂದಿನ ಪಂಚಮಿಗೆ ತಂಗೆವ್ವ ಆ ಬೀಜ ಉಡಿಯಲ್ಲಿ ಕಟ್ಟಿಕೊಂಡು, ಒಂದು ಒಣ ದಂಟು ಹೆಗಲ ಮೇಲಿಟ್ಟುಕೊಂಡು ತವರಿಗೆ ನಡೆದಳು. ದೂರದಿಂದ ಹೊಳೆಯ ಸದ್ದು ಕೇಳಿದ್ದೇ ತಡ, ಓಡತೊಡಗಿದಳು.

ಹೊನ್ನವ್ವ ಮಗಳನ್ನು ತಬ್ಬಿಕೊಂಡಳು. ಆಮೇಲೆ ದಂಟು ನೋಡಿದಳು. ಎಲೆಯನ್ನು ಬೆರಳ ಮೇಲೆ ಹಾಸಿದಳು. ಮುಖ ಸಣ್ಣದಾಯಿತು.

"ಇದು ನಮ್ಮ ಜ್ವಾಳಲ್ಲ, ಮಗಳ. ಯಾವುದೋ ಹುಲ್ಲು ತಂದೀ. ಇದನ್ನ ನಮ್ಮ ಹೊಲಕ್ಕ ಹಾಕಂಗಿಲ್ಲ."

ಎರಡು ವರ್ಷದ ಕಷ್ಟ, ಒಂದೇ ಮಾತಿಗೆ ಹುಲ್ಲು! ತಂಗೆವ್ವ ತನ್ನ ಎರಡೂ ಕೈ ಅವ್ವನ ಮುಂದೆ ಚಾಚಿದಳು.

"ಹಂಗಾರ ಇವನ್ನೂ ನೋಡು. ಇವು ನೀ ಕಳಿಸಿದ ಕೈ ಅಲ್ಲ. ನನ್ನನ್ನೂ ಹೊರಗ ಹಾಕು, ಹೋಗತೇನಿ."

ಹೊನ್ನವ್ವ ದಂಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು.

"ಒಂದ ಸಾಲು ಹಾಕಿ ನೋಡ, ಹೊನ್ನಿ" ಅಂದಿತು ಹೊಳೆ, ದಂಡೆಯ ಕಡೆಯಿಂದ. "ನೀರು ನಾ ಕೊಡತೇನಿ. ಮಗಳು ಅಳಾಕತ್ತಾಳ."

ಹೊನ್ನವ್ವ ಒಂದು ಸಾಲು ಬಿತ್ತಿದಳು. ತಂಗೆವ್ವ ಹಬ್ಬ ಮುಗಿದರೂ ಮರಳಲಿಲ್ಲ. ದಿನಾ ಬೆಳಿಗ್ಗೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುವಳು. ಮೊಳಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಎರೆಮಣ್ಣು ನೀರು ಕೊಟ್ಟಂತೆಲ್ಲ ಎಲೆ ಅಗಲ ಬಿಡುತ್ತಾ ಹೋಯಿತು. ಎರಡು ಬೆರಳು. ಮೂರು ಬೆರಳು. ಒಂದು ದಿನ ಹೊನ್ನವ್ವ ತಾನೇ ಕೈ ಹಾಸಿದಳು. ನಾಲ್ಕು ಬೆರಳೂ ಮುಚ್ಚಿಹೋದವು.

"ನೋಡಿದೇನ? ಮರತಿಲ್ಲ ಅಂತ ಹೇಳಿದ್ದೆ" ಅಂದಿತು ಜೋಳ.

ಹೊನ್ನವ್ವ ಸಾಲಿನಲ್ಲೇ ಕುಸಿದು ಕೂತಳು. ಇಷ್ಟು ವರ್ಷ ಬದುವಿಗೆ ಎಸೆದ ಗಿಡಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ನೀರಿಲ್ಲದೆ ಸೊರಗಿದ ತನ್ನವೇ ಮಕ್ಕಳೋ! ಅತ್ತಳು, ಮಗಳ ಒರಟು ಅಂಗೈಗೆ ಮುಖ ಒತ್ತಿಕೊಂಡು ಅತ್ತಳು.

ಅದು ಅವಳು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತು, ತೋರುಬೆರಳ ತುದಿಯಲ್ಲಿ ಸುಣ್ಣ ಇತ್ತು. ಆ ಬೆರಳನ್ನೇ ಜೋಳದ ಎಲೆಯ ಬುಡದಲ್ಲಿಟ್ಟು, ನಟ್ಟನಡುವೆ, ತುದಿಯ ತನಕ ಒಂದೇ ಸಮ ಎಳೆದಳು. ಒಂದು ಎಲೆಗಲ್ಲ, ಸಾಲಿನ ಎಲ್ಲ ಎಲೆಗೂ ಎಳೆದಳು.

"ಇನ್ನ ನಿನ್ನ ಅಗಲ ಬೆರಳಿಟ್ಟು ನೋಡೂದಿಲ್ಲಪ್ಪ" ಅಂದಳು. "ಎಲ್ಲಿ ಬೇಕಾದಲ್ಲಿ ಹೋಗು. ಅಲ್ಲಿ ಎಷ್ಟು ನೀರು ಸಿಗತೈತೋ ಅಷ್ಟ ಅಗಲ ಆಗು. ಈ ಗೆರಿ ಕಂಡರ ಸಾಕು, ನನ್ನ ಕೂಸು ಅಂತ ತಿಳಕೋತೇನಿ."

ಜೋಳ ಆ ಗೆರೆಯನ್ನೂ ನಾಲ್ಕು ಬೆರಳಿನ ಪಕ್ಕದಲ್ಲೇ ಹೊಟ್ಟೆಯಲ್ಲಿ ಇಟ್ಟುಕೊಂಡಿತು. ಆ ಸಾಲು ತೆನೆ ಕಟ್ಟಿದ ಮೇಲೆ ತಂಗೆವ್ವ ಅದರ ಬೀಜ ಮರಡಿಗೆ ಒಯ್ದಳು. ಬಿತ್ತಿದಾಗ ಎಲೆ ಎರಡೇ ಬೆರಳು ಬಂತು, ನಡುವೆ ಬೆಳ್ಳಗೆ ಗೆರೆ. ತಂಗೆವ್ವ ಹೊಲದಲ್ಲಿ ನಿಂತು ಒಬ್ಬಳೇ ನಕ್ಕಳು. ಆ ದಿನದಿಂದ ಅವಳಿಗೆ ಮರಡಿ ಬೇರೆ ಊರು ಅನ್ನಿಸಲಿಲ್ಲ.

ಅದಕ್ಕೇ ಕೂಸೇ, ಇವತ್ತು ನೀನು ನೋಡುವ ಜೋಳ ಎರೆಯಲ್ಲಿ ಅಗಲವಾಗಿ, ಗರಸಿನಲ್ಲಿ ಸಣ್ಣದಾಗಿ ಎಲೆ ಬಿಟ್ಟರೂ, ಆ ಎಲೆಯ ನಟ್ಟನಡುವೆ ಅವ್ವ ಎಳೆದ ಬಿಳಿ ಗೆರೆ ಎಲ್ಲ ಕಡೆಯೂ ಒಂದೇ ಇರುತ್ತದೆ.